ಗರ್ಭಕೋಶದಿಂದ ಹಾರ್ಮೋನಿನವರೆಗೆ: ಹೆಣ್ಣಿನ ಆತಂಕದ ಚರಿತ್ರೆ

ಉಮ್ಮನಿಗೆ ನಲ್ವತ್ತಾರು ದಾಟಿದ ವರ್ಷ ರಾತ್ರಿ ಎರಡು ಗಂಟೆಗೆ ಎಚ್ಚರವಾಗುವುದು ಶುರುವಾಯಿತು. ಎದೆ ಬಡಿದುಕೊಳ್ಳುತ್ತಿತ್ತು, ಮೈಯೆಲ್ಲ ಬೆವರು, ಏನೋ ಕೆಟ್ಟದ್ದು ಆಗಿಯೇ ಬಿಡುತ್ತದೆ ಎಂಬ ಹೆದರಿಕೆ. ಗಲ್ಫಿನಲ್ಲಿದ್ದ ಉಪ್ಪನಿಗೆ ಫೋನ್ ಮಾಡಿಸಿ, ಅವರ ದನಿ ಕೇಳಿದ ಮೇಲೆಯೇ ಮಲಗುತ್ತಿದ್ದರು. ಮಂಜೇಶ್ವರದಿಂದ ಮಂಗಳೂರಿಗೆ ಕರೆದುಕೊಂಡು ಹೋದೆವು. ಇಸಿಜಿ ಸರಿ ಇತ್ತು. ‘ಏನೂ ಇಲ್ಲ, ಟೆನ್ಶನ್ ಮಾಡಬೇಡಿ’ ಎಂದರು ಡಾಕ್ಟರು. ನೆಂಟರಲ್ಲಿ ಒಬ್ಬರು ದೃಷ್ಟಿ ಎಂದರು, ಇನ್ನೊಬ್ಬರು ‘ಪ್ರಾಯದ್ದು’ ಎಂದರು. ಓದಿ ಊದಿದ ನೀರು ಕುಡಿದರೆ ಸ್ವಲ್ಪ ಸಮಾಧಾನ ಆಗುತ್ತಿತ್ತು, ನಾಲ್ಕು ದಿನ ಬಿಟ್ಟು ಮತ್ತೆ ಬರುತ್ತಿತ್ತು. ಆ ವರ್ಷ ಅವರ ಮುಟ್ಟು ತಿಂಗಳು ತಪ್ಪಿ ಬರುತ್ತಿತ್ತು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರು ಕೇಳಲಿಲ್ಲ, ಉಮ್ಮ ಹೇಳಲಿಲ್ಲ. ಮಗಳಾದ ನಾನೂ ಕೇಳಲಿಲ್ಲ.

ಆಮೇಲೆ ಈ ವಿಷಯ ಓದುತ್ತಾ ಹೋದಾಗ ಒಂದು ಸಂಗತಿ ಕಂಡಿತು. ಹೆಣ್ಣಿನ ಹೆದರಿಕೆಗೆ ವೈದ್ಯರು ಎರಡು ಸಾವಿರ ವರ್ಷಗಳಿಂದ ಹೆಚ್ಚಾಗಿ ಎರಡೇ ಉತ್ತರ ಕೊಟ್ಟಿದ್ದಾರೆ. ಒಂದು, ‘ಎಲ್ಲ ಗರ್ಭಕೋಶದ್ದು’. ಇನ್ನೊಂದು, ‘ಏನೂ ಇಲ್ಲ’. ಎರಡರಲ್ಲೂ ಅವಳನ್ನು ಕೂರಿಸಿ ಕೇಳುವುದು ತಪ್ಪಿಹೋಗಿದೆ.

‘ಹಿಸ್ಟೀರಿಯಾ’ ಎಂಬ ಪದ ಗ್ರೀಕಿನ ‘ಹಿಸ್ಟೆರಾ’ದಿಂದ ಬಂದದ್ದು. ಹಿಸ್ಟೆರಾ ಅಂದರೆ ಗರ್ಭಕೋಶ. ಹಿಪೊಕ್ರೆಟಿಸ್‌ನ ಹೆಸರಿನಲ್ಲಿರುವ ಗ್ರೀಕ್ ಗ್ರಂಥಗಳ ಪ್ರಕಾರ ಗರ್ಭಕೋಶ ತನ್ನ ಜಾಗ ಬಿಟ್ಟು ಮೇಲೆ ಸರಿದು ಒತ್ತುವುದರಿಂದ ಹೆಂಗಸಿಗೆ ಉಸಿರು ಕಟ್ಟುತ್ತದೆ. ಮದುವೆ ಮಾಡಿಸುವುದು, ಗರ್ಭ ನಿಲ್ಲಿಸುವುದು ಅದಕ್ಕೆ ಹೇಳಿದ ಮದ್ದುಗಳಲ್ಲಿ ಕೆಲವು. ಕ್ರಿ.ಶ. 2ನೇ ಶತಮಾನದ ವೈದ್ಯ ಸೊರೇನಸ್ ‘ಗರ್ಭಕೋಶ ಗೂಡಿನಿಂದ ಹೊರಬರುವ ಪ್ರಾಣಿಯಲ್ಲ’ ಎಂದು ಬಿಡಿಸಿ ಹೇಳಿದರೂ ಹಳೆಯ ನಂಬಿಕೆ ಹೋಗಲಿಲ್ಲ. ಇಬ್ನ್ ಸೀನಾ (980–1037) ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ‘ಇಖ್ತಿನಾಕುಲ್ ರಹಿಮ್’, ಅಂದರೆ ಗರ್ಭಕೋಶದ ಉಸಿರುಕಟ್ಟುವಿಕೆ ಎಂಬ ಕಾಯಿಲೆಯನ್ನು ವಿವರಿಸಿದ್ದಾರೆ. ಈ ಗ್ರಂಥ ಲ್ಯಾಟಿನ್‌ಗೆ ಹೋಗಿ ಯುರೋಪಿನ ವೈದ್ಯರಿಗೂ ಪಠ್ಯವಾಯಿತು.

ಅದೇ ಅರಬಿ ಬರವಣಿಗೆಯಲ್ಲಿ ಇನ್ನೊಂದು ದಾರಿಯೂ ಇತ್ತು. ಇಬ್ನ್ ಸೀನಾರಿಗಿಂತ ಮೊದಲೇ, 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖೀ ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಒಂದೇ ಗ್ರಂಥ ಬರೆದರು. ಸಿಟ್ಟು, ದುಃಖ, ಭಯ ಮತ್ತು ವಸ್ವಾಸ್, ಈ ನಾಲ್ಕನ್ನೂ ಬೇರೆ ಬೇರೆಯಾಗಿ ವಿವರಿಸಿದರು. ಕಾರಣ ಗೊತ್ತಿರುವ ದುಃಖ ಒಂದು, ಕಾರಣವೇ ಕಾಣದ ದುಃಖ ಇನ್ನೊಂದು. ಎರಡನೆಯದರ ಮೂಲ ದೇಹದಲ್ಲಿರುತ್ತದೆ ಎಂದರು. ಅದು ಹೆಂಗಸರಿಗೇ ಮೀಸಲಾದ ಗ್ರಂಥವಲ್ಲ. ಆದರೂ ‘ಮನಸ್ಸಿನ ಕಾಯಿಲೆಯೂ ಕಾಯಿಲೆಯೇ, ಅದಕ್ಕೆ ನಾಚಬೇಕಿಲ್ಲ’ ಎಂಬ ತಿಳುವಳಿಕೆ ಅದರಲ್ಲಿದೆ. ನಮ್ಮ ಮನೆಗಳಿಗೆ ಉಳಿದು ಬಂದದ್ದು ‘ವಸ್ವಾಸ್’ ಎಂಬ ಪದ ಮಾತ್ರ.

19ನೇ ಶತಮಾನದ ಯುರೋಪಿನಲ್ಲಿ ಹೆಂಗಸರ ನೂರು ತೊಂದರೆಗಳಿಗೆ ಹಿಸ್ಟೀರಿಯಾ ಒಂದೇ ಹೆಸರು. 1835ರಲ್ಲಿ ಡಬ್ಲಿನ್ನಿನ ವೈದ್ಯ ರಾಬರ್ಟ್ ಗ್ರೇವ್ಸ್, ಎದೆ ವಿಪರೀತ ಬಡಿದುಕೊಳ್ಳುತ್ತಿದ್ದ ಕೆಲವು ಹೆಂಗಸರ ಬಗ್ಗೆ ಬರೆದರು. ಅವರಲ್ಲಿ ಇಪ್ಪತ್ತು ವರ್ಷದ ಒಬ್ಬಳದ್ದು ಹಿಸ್ಟೀರಿಯಾ ಎಂದೇ ಮೊದಲು ಎಲ್ಲರೂ ತಿಳಿದಿದ್ದರು. ಕೆಲವು ತಿಂಗಳ ನಂತರ ನಾಡಿ ಓಡುತ್ತಿರುವುದು, ಕುತ್ತಿಗೆಯ ಗ್ರಂಥಿ ಊದಿರುವುದು ಕಂಡಿತು. ಅದು ಥೈರಾಯ್ಡ್ ಕಾಯಿಲೆ. ಇವತ್ತಿಗೂ ಗ್ರೇವ್ಸ್ ಹೆಸರಿನಲ್ಲೇ ಇದೆ. ಹಾರ್ಮೋನು ಹೆಚ್ಚಾದರೆ ಆತಂಕ ಬರುತ್ತದೆ ಎಂಬುದಕ್ಕೆ ಸಾಕ್ಷಿ ಅಲ್ಲಿಯೇ ಇತ್ತು. ಆದರೆ ಹಾರ್ಮೋನು ಎಂಬ ಪದವೇ ಇನ್ನೂ ಹುಟ್ಟಿರಲಿಲ್ಲ.

ಆಮೇಲೆ ಬಂದ ಚಿಕಿತ್ಸೆಗಳನ್ನು ಓದಿದರೆ ಸಂಕಟವಾಗುತ್ತದೆ. 1872ರಿಂದ ಅಮೆರಿಕದ ಸರ್ಜನ್ ರಾಬರ್ಟ್ ಬ್ಯಾಟಿ ಮುಟ್ಟಿನ ಮತ್ತು ನರಗಳ ತೊಂದರೆಗೆಂದು ಅಂಡಾಶಯಗಳನ್ನೇ ತೆಗೆಯುವ ಆಪರೇಷನ್ ಶುರು ಮಾಡಿದರು. ಬೇರೆ ಸರ್ಜನ್‌ಗಳೂ ಅದನ್ನು ಹಿಡಿದರು. ಯಾವ ರೋಗವೂ ಇಲ್ಲದ ಅಂಡಾಶಯ ಕಳೆದುಕೊಂಡ ಎಳೆ ಪ್ರಾಯದವರಿಗೆ ಮುಟ್ಟು ಒಮ್ಮೆಲೇ ನಿಂತುಹೋಯಿತು. ಅದೇ ದೇಶದ ಸೈಲಸ್ ವೇರ್ ಮಿಚೆಲ್ ‘ವಿಶ್ರಾಂತಿ ಚಿಕಿತ್ಸೆ’ ನಡೆಸುತ್ತಿದ್ದರು: ವಾರಗಟ್ಟಲೆ ಹಾಸಿಗೆ, ಹೊಟ್ಟೆತುಂಬ ಆಹಾರ, ಓದುವುದು ಬರೆಯುವುದು ಬಂದ್. ಲೇಖಕಿ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್‌ಗೆ 1885ರಲ್ಲಿ ಮಗಳು ಹುಟ್ಟಿದ ಮೇಲೆ ಮನಸ್ಸು ಕುಸಿಯಿತು. 1887ರಲ್ಲಿ ಮಿಚೆಲ್ ಬಳಿ ಹೋದಾಗ ಪೆನ್ನು ಮುಟ್ಟಬೇಡ, ಮನೆಯೊಳಗೇ ಇರು ಎಂಬ ಸಲಹೆ ಸಿಕ್ಕಿತು. ಅದನ್ನು ಪಾಲಿಸಿ ಇನ್ನೂ ಹದಗೆಟ್ಟ ಮೇಲೆ, ಬಾಣಂತಿಯನ್ನು ಹೀಗೆ ಕೋಣೆಯಲ್ಲಿ ಕೂಡಿಹಾಕುವ ಕತೆಯೊಂದನ್ನು 1892ರಲ್ಲಿ ಆಕೆ ಪ್ರಕಟಿಸಿದಳು.

1905ರಲ್ಲಿ ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ‘ಹಾರ್ಮೋನ್’ ಎಂಬ ಪದವನ್ನು ಬಳಕೆಗೆ ತಂದರು. 1929ರಲ್ಲಿ ಮೊದಲ ಈಸ್ಟ್ರೋಜನ್, 1934ರಲ್ಲಿ ಪ್ರೊಜೆಸ್ಟರೋನ್ ಶುದ್ಧ ರೂಪದಲ್ಲಿ ಸಿಕ್ಕಿದವು. ಈ ನಡುವೆ 1931ರಲ್ಲಿ ನ್ಯೂಯಾರ್ಕಿನ ರಾಬರ್ಟ್ ಫ್ರಾಂಕ್, ಮುಟ್ಟಿಗೆ ಮೊದಲಿನ ದಿನಗಳ ಚಡಪಡಿಕೆಗೆ ಹಾರ್ಮೋನೇ ಕಾರಣ ಎಂದು ಬರೆದರು. ಹಾರ್ಮೋನು ಹೆಚ್ಚಾಗಿದೆ ಎಂದು ಲೆಕ್ಕ ಹಾಕಿ ಕೆಲವರ ಅಂಡಾಶಯಕ್ಕೆ ಎಕ್ಸ್‌ರೇ ಕೂಡ ಕೊಟ್ಟರು. 1953ರಲ್ಲಿ ಬ್ರಿಟನ್ನಿನ ಕ್ಯಾಥರಿನಾ ಡಾಲ್ಟನ್ ಮತ್ತು ರೇಮಂಡ್ ಗ್ರೀನ್ ಇದಕ್ಕೆ ‘ಮುಟ್ಟುಪೂರ್ವ ಸಿಂಡ್ರೋಮ್’ ಎಂಬ ಹೆಸರು ಕೊಟ್ಟರು. ತಿಂಗಳ ಯಾವ ದಿನ ತೊಂದರೆ ಬಂತು ಎಂದು ಬರೆದಿಡಿಸುವ ಡಾಲ್ಟನ್‌ರ ಕ್ರಮ ಇಂದಿಗೂ ಉಪಯೋಗದಲ್ಲಿದೆ. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ಅಮೆರಿಕನ್ ವೈದ್ಯರು ಇನ್ನೊಂದು ತುದಿಗೆ ಹೋದರು. ಮುಟ್ಟು ನಿಲ್ಲುವುದೇ ಒಂದು ಕಾಯಿಲೆ, ಎಲ್ಲರೂ ಈಸ್ಟ್ರೋಜನ್ ತಿನ್ನಬೇಕು ಎಂದರು. 1975ರಲ್ಲಿ ಈಸ್ಟ್ರೋಜನ್ ಒಂದನ್ನೇ ತಿಂದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚಾಗುವುದು ಕಂಡಾಗ ಆ ಉತ್ಸಾಹ ಇಳಿಯಿತು.

ಗಂಟು ಬಿಡಿಸಿದ್ದು 1998ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ. ಪೀಟರ್ ಶ್ಮಿಟ್, ಡೇವಿಡ್ ರುಬಿನೋ ಮತ್ತು ಸಂಗಡಿಗರು ಮುಟ್ಟಿಗೆ ಮೊದಲು ತೀವ್ರ ತೊಂದರೆಪಡುತ್ತಿದ್ದ ಹೆಂಗಸರ ಅಂಡಾಶಯದ ಕೆಲಸವನ್ನು ಮದ್ದಿನಿಂದ ತಾತ್ಕಾಲಿಕವಾಗಿ ನಿಲ್ಲಿಸಿದರು. ಹಲವರಿಗೆ ತೊಂದರೆ ತಗ್ಗಿತು. ಅವರಿಗೆ ಹಾರ್ಮೋನು ಹಿಂದಕ್ಕೆ ಕೊಟ್ಟಾಗ ತೊಂದರೆ ಮರಳಿತು. ಮೊದಲಿನಿಂದ ತೊಂದರೆ ಇಲ್ಲದ ಹೆಂಗಸರಿಗೂ ಹಾಗೆಯೇ ಮಾಡಿದರು. ಅವರಿಗೆ ಏನೂ ಆಗಲಿಲ್ಲ. ಅಂದರೆ ಹಾರ್ಮೋನು ಹೆಚ್ಚೋ ಕಡಿಮೆಯೋ ಎಂಬುದಲ್ಲ ವಿಷಯ. ಎಲ್ಲರಲ್ಲೂ ಆಗುವ ಸಹಜ ಏರಿಳಿತಕ್ಕೇ ಕೆಲವರ ಮೆದುಳು ಬೇರೆ ರೀತಿ ಸ್ಪಂದಿಸುತ್ತದೆ. ರಕ್ತಪರೀಕ್ಷೆ ನಾರ್ಮಲ್ ಬಂದ ಮಾತ್ರಕ್ಕೆ ‘ಏನೂ ಇಲ್ಲ’ ಎನ್ನಲಾಗದು.

ಮುಟ್ಟಿಗೆ ಮೊದಲಿನ ದಿನಗಳಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರೋನ್ ಎರಡೂ ಇಳಿಯುತ್ತವೆ. ಬಸಿರಿನಲ್ಲಿ ತಿಂಗಳುಗಟ್ಟಲೆ ಏರಿದ್ದು ಹೆರಿಗೆಯಾದ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಮುಟ್ಟು ನಿಲ್ಲುವ ಮೊದಲಿನ ವರ್ಷಗಳಲ್ಲಿ ಈಸ್ಟ್ರೋಜನ್ ಒಂದೇ ಸಮ ಇಳಿಯದೆ ಏರುತ್ತಾ ಬೀಳುತ್ತಾ ಇರುತ್ತದೆ. ಪ್ರೊಜೆಸ್ಟರೋನಿನಿಂದ ದೇಹ ತಯಾರಿಸುವ ಅಲೋಪ್ರೆಗ್ನನೊಲೋನ್ ಎಂಬ ವಸ್ತು ಮೆದುಳನ್ನು ಶಾಂತಗೊಳಿಸುವ ‘ಗಾಬಾ’ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತದೆ. 2019ರಲ್ಲಿ ಬಾಣಂತಿಯರ ಖಿನ್ನತೆಗೆಂದು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಮದ್ದು ಇದೇ ವಸ್ತು.

ಇಷ್ಟು ಹೇಳಿ ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟಿದರೆ ಹಳೆಯ ತಪ್ಪನ್ನೇ ಮಾಡಿದಂತೆ. ವರ್ಷಕ್ಕೊಮ್ಮೆ ಬರುವ ಗಂಡ, ಮಗಳ ಮದುವೆಯ ಸಾಲ, ನಿದ್ದೆ ಇಲ್ಲದ ರಾತ್ರಿ, ಇವೂ ಆತಂಕದ ಕಾರಣಗಳೇ. ‘ಅವಳಿಗೆ ಡೇಟ್ ಹತ್ತಿರ ಬಂದಿದೆ’ ಎಂದು ಹೆಂಗಸಿನ ನ್ಯಾಯವಾದ ಸಿಟ್ಟನ್ನು ತಳ್ಳಿಹಾಕುವುದಕ್ಕೂ ಈ ವಿಜ್ಞಾನ ಅಲ್ಲ.

ಬಾಣಂತಿಯ ಮೈಯನ್ನು ನೋಡಿಕೊಳ್ಳುವುದು ನಮ್ಮವರಿಗೆ ಚೆನ್ನಾಗಿ ಗೊತ್ತು. ನಲ್ವತ್ತು ದಿನ ಎಣ್ಣೆ, ಬಿಸಿನೀರು, ಮದ್ದು, ಪಥ್ಯ. ನಿಫಾಸಿನ ದಿನಗಳನ್ನು ಒಂದೊಂದಾಗಿ ಎಣಿಸುತ್ತೇವೆ. ಅವಳು ಎಷ್ಟು ದಿನದಿಂದ ಅಳುತ್ತಿದ್ದಾಳೆ, ಮಗು ಮಲಗಿದಾಗಲೂ ನಿದ್ದೆ ಬರುತ್ತಿಲ್ಲವೇ ಎಂದು ಯಾರೂ ಎಣಿಸುವುದಿಲ್ಲ. ಹೆರಿಗೆಯ ನಂತರ ಅಳು ಬರುವುದು ಸಾಮಾನ್ಯ, ಎರಡು ವಾರದೊಳಗೆ ಹೋಗುತ್ತದೆ. ಹೋಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತಾಡಿದರೆ ಒಂದು ದಿನವೂ ಕಾಯಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನು ಮಗುವಿನ ಜೊತೆಯೇ ಸೇರಿಸಿಕೊಳ್ಳುವ ವಾರ್ಡ್ ಇದೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು.

ಉಮ್ಮನನ್ನು ಕೊನೆಗೆ ಒಬ್ಬ ಲೇಡಿ ಡಾಕ್ಟರಿಗೆ ತೋರಿಸಿದೆವು. ಅವರು ಮೊದಲು ಕೇಳಿದ್ದು, ‘ಮುಟ್ಟು ಸರಿಯಾಗಿ ಆಗ್ತದಾ?’ ಉಮ್ಮ ನನ್ನ ಮುಖ ನೋಡಿದರು, ಆಮೇಲೆ ಹೇಳತೊಡಗಿದರು. ಥೈರಾಯ್ಡ್ ಪರೀಕ್ಷೆ ಆಯಿತು, ಸರಿಯಿತ್ತು. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ಪ್ರಾಯವೇ 46–47, ಈ ಕಾಲದಲ್ಲಿ ಹೀಗಾಗುವುದುಂಟು, ಇದಕ್ಕೆ ಮದ್ದೂ ಇದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಮದ್ದು ಕೆಲಸ ಮಾಡಲು ಕೆಲವು ವಾರ ಹಿಡಿಯಿತು. ಆದರೆ ಆ ದಿನ ಬಸ್ಸಿನಲ್ಲಿ ತಲಪಾಡಿ ದಾಟುವಾಗ ಉಮ್ಮ ಹೇಳಿದ್ದು ನನಗೆ ಇನ್ನೂ ನೆನಪಿದೆ: ‘ನನಗೆ ಹುಚ್ಚು ಹಿಡಿಯುತ್ತಿದೆ ಅಂತ ಎರಡು ವರ್ಷ ಹೆದರಿದ್ದೆ.’

ಆ ಎರಡು ವರ್ಷ ಬೇಕಾಗಿರಲಿಲ್ಲ. ನಿಮ್ಮ ಮನೆಯ ಉಮ್ಮನನ್ನು, ಹೆಂಡತಿಯನ್ನು, ಸೊಸೆಯನ್ನು ಇವತ್ತೇ ಕೇಳಿ.