ನಿರೂಪಕ: ಆಜ್ಞೆಯೋ ಕಥನವೋ?

ಊರ್ಡಿಗೆರೆಯಂತಹ ಹೋಬಳಿ ಕೇಂದ್ರದ ರಾಜ್ಯೋತ್ಸವದ ಆಹ್ವಾನಪತ್ರಿಕೆಯಲ್ಲೂ ‘ಸ್ವಾಗತ’, ‘ವಂದನಾರ್ಪಣೆ’ಗಳ ಜೊತೆಗೆ ‘ನಿರೂಪಣೆ’ ಎಂಬ ಸಾಲು ಸಹಜ. ಆ ಹೊಣೆ ಹೊತ್ತವರು ನಿರೂಪಕರು. ಸಂಸ್ಕೃತದಲ್ಲಿ ಈ ಧಾತುವಿಗೆ ನೋಡು, ನಿಶ್ಚಯಿಸು, ವಿವರಿಸು ಎಂಬ ಅರ್ಥಗಳಿವೆ. ವಿಜಯನಗರ ಕಾಲದ ಶಾಸನಗಳಲ್ಲಾದರೋ ‘ನಿರೂಪ’ವೆಂದರೆ ರಾಜಾಜ್ಞೆ. ವೇದಿಕೆಗೆ ಯಾರು ಯಾವಾಗ ಬರಬೇಕೆಂದು ಹೇಳುವವರ ಹೆಸರಿಗೆ ಈ ಅರ್ಥವೇ ಮೂಲವೆನ್ನುವ ಆಸೆ ಹುಟ್ಟೀತು. ನಾವು ಅದನ್ನು ಒಪ್ಪುವುದಿಲ್ಲ. ಆಜ್ಞಾರ್ಥ ಇಂದಿನ ಬಳಕೆಯಲ್ಲಿಲ್ಲ. ಸಾಹಿತ್ಯ ವಿಮರ್ಶೆಯ ‘ನಿರೂಪಕ’ನೋ ಕಥೆ ಹೇಳುವವನು, ವೇದಿಕೆಯ ಪದವು ಇವನ ನೆರೆಯದು. ನೆರೆಭಾಷೆಗಳ ದಾರಿ ಬೇರೆ: ತೆಲುಗಿಗೆ ‘ವ್ಯಾಖ್ಯಾತ’, ಮಲಯಾಳಕ್ಕೆ ‘ಅವತಾರಕ’. ಮರಾಠಿಯ ‘ಸೂತ್ರಸಂಚಾಲಕ’ನ ಕೈಯಲ್ಲಿ ನಾಟಕದ ಸೂತ್ರವೇ ಇದೆ. ಕನ್ನಡದ ಆಹ್ವಾನಪತ್ರಿಕೆ ವ್ಯಕ್ತಿಯನ್ನು ಬಿಟ್ಟು ಕ್ರಿಯೆಯನ್ನು ಹೆಸರಿಸುತ್ತದೆ. ನಿರೂಪಕ, ನಿರೂಪಕಿ ಎಂಬ ಲಿಂಗಭೇದ ಅಲ್ಲಿ ಏಳುವುದೇ ಇಲ್ಲ.