ಕಾಮಿಕ್ಸ್ ಪುಟದಿಂದ ಕಿರುತೆರೆಗೆ: ಡ್ವೇನ್ ಮೆಕ್‌ಡಫಿಯವರ ಬರಹಯಾತ್ರೆ

ಕಾಮಿಕ್ಸ್ ಓದುವವರಿಗೆ ನಾಯಕನ ಹೆಸರು ನೆನಪಿರುತ್ತದೆ. ಆ ನಾಯಕನಿಗೆ ಮಾತು ಕೊಟ್ಟವನ ಹೆಸರು ನೆನಪಿರುವುದು ವಿರಳ. ಅನಿಮೇಷನ್ ಸರಣಿಗಳ ಬರಹಗಾರನ ಪಾಡಂತೂ ಇನ್ನೂ ಮರೆಯದ್ದು. 'ಬೆನ್ 10' ಸರಣಿಯನ್ನು ನಮ್ಮ ಮನೆಗಳ ಮಕ್ಕಳೂ ಆಸೆಯಿಂದ ನೋಡಿದವರೇ. ಅದರ ಮುಂದುವರಿದ ಭಾಗಗಳ ಹಿಂದಿದ್ದ ಪ್ರಮುಖ ಬರಹಗಾರರಲ್ಲೊಬ್ಬರು ಡ್ವೇನ್ ಮೆಕ್‌ಡಫಿ (1962-2011) ಎಂಬುದು ಅವರಲ್ಲಿ ಎಷ್ಟು ಮಂದಿಗೆ ತಿಳಿದೀತು?

ಮೆಕ್‌ಡಫಿ ಹುಟ್ಟಿದ್ದು ಡೆಟ್ರಾಯಿಟ್ ನಗರದಲ್ಲಿ, 1962ರ ಫೆಬ್ರವರಿ 20ರಂದು. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಸಾಹಿತ್ಯವನ್ನೂ ಭೌತಶಾಸ್ತ್ರವನ್ನೂ ಅಭ್ಯಸಿಸಿ, ಅನಂತರ ನ್ಯೂಯಾರ್ಕಿನಲ್ಲಿ ಚಲನಚಿತ್ರ ಶಿಕ್ಷಣಕ್ಕೆ ತೊಡಗಿದರು. 1987ರ ಸುಮಾರಿಗೆ ಮಾರ್ವೆಲ್ ಸಂಸ್ಥೆಯನ್ನು ಸೇರಿದ ಮೇಲೆ ಅವರು ಬರೆದ 'ಡ್ಯಾಮೇಜ್ ಕಂಟ್ರೋಲ್' ಒಂದು ಹಾಸ್ಯಕೃತಿ. ಮಹಾವೀರರು ಕಾದಾಡಿ ಕೆಡವಿದ ಕಟ್ಟಡಗಳ ಅವಶೇಷವನ್ನು ಎತ್ತಿ, ಮತ್ತೆ ಕಟ್ಟಿಕೊಡುವ ಗುತ್ತಿಗೆ ಸಂಸ್ಥೆಯೊಂದರ ನೌಕರರೇ ಅದರ ನಾಯಕರು. ಯುದ್ಧವನ್ನು ಕಸ ಗುಡಿಸುವವರ ಕಡೆಯಿಂದ ನೋಡುವ ಈ ದೃಷ್ಟಿ ಅವರ ಮುಂದಿನ ಬರವಣಿಗೆಯಲ್ಲಿಯೂ ಉಳಿದುಬಂದಿತು.

1989ರಲ್ಲಿ ಅವರು ಮಾರ್ವೆಲ್‌ನ ಸಂಪಾದಕ ವರ್ಗಕ್ಕೆ ಒಂದು ಅಣಕು ಪ್ರಸ್ತಾವವನ್ನು ಕಳುಹಿಸಿದರು. ಆ ಕಾಲದ ಮಾರ್ವೆಲ್ ಕಥೆಗಳಲ್ಲಿದ್ದ ಕಪ್ಪು ವರ್ಣದ ವೀರರಲ್ಲಿ ನಾಲ್ಕನೆಯ ಒಂದು ಪಾಲು ಸ್ಕೇಟ್‌ಬೋರ್ಡ್ ಏರಿ ಬರುವವರು ಎಂಬುದನ್ನು ಎತ್ತಿ ತೋರಿಸಿ, ಅಂಥವರದೇ ಇನ್ನೊಂದು ತಂಡವನ್ನು ಏಕೆ ಕಟ್ಟಬಾರದೆಂದು ಕೇಳುವ ಬರಹವದು. ನಗೆಯ ಹೊದಿಕೆಯೊಳಗಿನ ಈ ಆಕ್ಷೇಪವನ್ನು ಅವರ ವೃತ್ತಿಜೀವನದ ತಿರುವೆಂದು ಪರಿಗಣಿಸುವುದು ತಪ್ಪಾಗಲಾರದು. 1990ರಲ್ಲಿ ಅವರು ಸಂಸ್ಥೆಯ ಹುದ್ದೆಯನ್ನು ಬಿಟ್ಟು ಸ್ವತಂತ್ರ ಬರಹಗಾರರಾದರು.

ಡೆನಿಸ್ ಕೋವನ್, ಮೈಕಲ್ ಡೇವಿಸ್, ಡೆರೆಕ್ ಡಿಂಗಲ್ ಇವರೊಡಗೂಡಿ ಮೆಕ್‌ಡಫಿ ಸ್ಥಾಪಿಸಿದ ಮೈಲ್‌ಸ್ಟೋನ್ ಮೀಡಿಯಾದ ಪುಸ್ತಕಗಳು 1993ರಲ್ಲಿ ಹೊರಬಂದವು. ಅಚ್ಚು, ವಿತರಣೆಗಳು ಡಿ.ಸಿ. ಕಾಮಿಕ್ಸ್‌ನವು, ಪಾತ್ರಗಳ ಒಡೆತನ ಮೈಲ್‌ಸ್ಟೋನಿನದು. ಬರಹಗಾರನು ಸೃಷ್ಟಿಸಿದ್ದೆಲ್ಲವೂ ಕಂಪನಿಗೇ ಸೇರುತ್ತಿದ್ದ ಉದ್ಯಮದಲ್ಲಿ ಈ ಒಪ್ಪಂದವು ಸಣ್ಣ ಸಂಗತಿಯಲ್ಲ. ಇದೇ ಪ್ರಶ್ನೆ 'ಹಾರ್ಡ್‌ವೇರ್' ಕೃತಿಯ ತಿರುಳೂ ಹೌದು. ಕರ್ಟಿಸ್ ಮೆಟ್‌ಕಾಫ್ ಎಂಬ ಪ್ರತಿಭಾವಂತನನ್ನು ಬಾಲ್ಯದಲ್ಲಿಯೇ ಗುರುತಿಸಿ ಓದಿಸಿದ ಧನಿಕ, ಅವನ ಆವಿಷ್ಕಾರಗಳ ಲಾಭದಲ್ಲಿ ಪಾಲು ಕೇಳಿದಾಗ ನಿರಾಕರಿಸುತ್ತಾನೆ. ತಂದೆಯಂತೆ ಕಂಡವನು ಕೇವಲ ಧಣಿಯಾಗಿ ಉಳಿಯುತ್ತಾನೆ. 'ಐಕನ್' ಕೃತಿಯಲ್ಲಿ 1839ರ ದಕ್ಷಿಣ ಅಮೆರಿಕನ್ ಸಂಸ್ಥಾನಗಳ ತೋಟವೊಂದರಲ್ಲಿ ಇಳಿದ ಅನ್ಯಲೋಕದ ಜೀವಿ, ತನ್ನನ್ನು ಮೊದಲು ಕಂಡ ಗುಲಾಮ ಹೆಣ್ಣುಮಗಳ ರೂಪವನ್ನನುಸರಿಸಿ ಕಪ್ಪು ಶಿಶುವಾಗುತ್ತಾನೆ. ಸೂಪರ್‌ಮ್ಯಾನ್ ಕಥೆಯ ಗೋಧಿಹೊಲವನ್ನು ತೋಟದ ನೆಲಕ್ಕೆ ಬದಲಿಸಿದಾಗ ಕಥೆಯ ಅರ್ಥವೇ ಬದಲಾಗುವುದನ್ನು ಇಲ್ಲಿ ಕಾಣಬಹುದು. ಶತಮಾನದ ಬಳಿಕ ಸಿರಿವಂತ ವಕೀಲನಾಗಿ, ಸಂಪ್ರದಾಯವಾದಿಯಾಗಿ ನೆಮ್ಮದಿಯಿಂದಿದ್ದ ಇವನನ್ನು ಪ್ರಶ್ನಿಸಿ ವೀರನನ್ನಾಗಿಸುವವಳು ಬಡ ಬಡಾವಣೆಯ ಹದಿಹರೆಯದ ಹುಡುಗಿ ರಾಕೆಲ್. ನನ್ನ ಮಟ್ಟಿಗೆ ಈ ಕೃತಿಯ ನಿಜವಾದ ನಾಯಕಿ ಅವಳೇ.

'ಸ್ಟ್ಯಾಟಿಕ್' ಪಾತ್ರದ ನಾಮಕರಣವೂ ಗಮನಾರ್ಹ. ವಿದ್ಯುಚ್ಛಕ್ತಿಯನ್ನು ಅಂಗೈಯಲ್ಲಿ ಹಿಡಿದ ಈ ಶಾಲಾ ಬಾಲಕನ ಹೆಸರು ವರ್ಜಿಲ್ ಹಾಕಿನ್ಸ್. 1949ರಲ್ಲಿ ವರ್ಣದ ಕಾರಣಕ್ಕೆ ಫ್ಲಾರಿಡಾ ವಿಶ್ವವಿದ್ಯಾನಿಲಯದ ಕಾನೂನು ಶಾಲೆಯ ಪ್ರವೇಶವನ್ನು ಕಳೆದುಕೊಂಡು, ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಡಿದವರ ಹೆಸರದು. ಮಕ್ಕಳ ಪುಸ್ತಕದಲ್ಲಿ ಅದನ್ನು ವಿವರಿಸದೆ ಸುಮ್ಮನೆ ಇಟ್ಟಿರುವುದೇ ಸೊಗಸು.

1990ರ ದಶಕದ ನಡುವೆ ಕಾಮಿಕ್ಸ್ ಮಾರುಕಟ್ಟೆ ಕುಸಿಯಿತು. 1997ರ ಹೊತ್ತಿಗೆ ಮೈಲ್‌ಸ್ಟೋನ್ ಪುಸ್ತಕಗಳು ನಿಂತವು. ಆದರೆ ಒಡೆತನವನ್ನು ಉಳಿಸಿಕೊಂಡಿದ್ದ ಸ್ಟ್ಯಾಟಿಕ್ ಪಾತ್ರವು 2000ದಲ್ಲಿ 'ಸ್ಟ್ಯಾಟಿಕ್ ಶಾಕ್' ಎಂಬ ಹೆಸರಿನಿಂದ ಕಿರುತೆರೆಗೆ ಬಂದು, 2004ರವರೆಗೆ 52 ಕಂತುಗಳಲ್ಲಿ ಪ್ರಸಾರವಾಯಿತು. ಶಾಲೆಯೊಳಗೆ ಬಂದೂಕು ತರುವ ಹುಡುಗನ ಕುರಿತ 'ಜಿಮ್ಮಿ' ಎಂಬ ಕಂತಿಗೆ 2003ರಲ್ಲಿ ಹ್ಯುಮ್ಯಾನಿಟಾಸ್ ಪ್ರಶಸ್ತಿ ದೊರೆಯಿತು. ಶನಿವಾರ ಬೆಳಗಿನ ಕಾರ್ಟೂನಿನಿಂದ ಹಿರಿಯರು ಇಷ್ಟನ್ನು ನಿರೀಕ್ಷಿಸಿರಲಾರರು.

ಅನಂತರದ 'ಜಸ್ಟೀಸ್ ಲೀಗ್ ಅನ್‌ಲಿಮಿಟೆಡ್' (2004-06) ಸರಣಿಯಲ್ಲಿ ಅಪಾರ ಬಲವುಳ್ಳ ವೀರರನ್ನು ಕಂಡು ಸರ್ಕಾರವೇ ಅಂಜುವ ಕಥಾಸರಣಿ ಬೆಳೆಯಿತು. ರಕ್ಷಕರನ್ನು ಕಾಯುವವರಾರು ಎಂಬ ಹಳೆಯ ರಾಜನೀತಿಯ ಪ್ರಶ್ನೆ ಮಕ್ಕಳ ಮುಂದೆ ನಿಂತಿತು. ಇದೇ ತಂಡದ ಕಾಮಿಕ್ಸ್ ಪತ್ರಿಕೆಯನ್ನು ಮೆಕ್‌ಡಫಿ 2007ರಿಂದ ಬರೆದರು. ಸಂಪಾದಕೀಯ ಹಸ್ತಕ್ಷೇಪವನ್ನು ಓದುಗರೊಡನೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡ ಮೇಲೆ, 2009ರಲ್ಲಿ ಅವರನ್ನು ಆ ಕೆಲಸದಿಂದ ತೆಗೆಯಲಾಯಿತು.

ಹೃದಯ ಶಸ್ತ್ರಚಿಕಿತ್ಸೆಯ ತರುವಾಯದ ತೊಡಕುಗಳಿಂದ 2011ರ ಫೆಬ್ರವರಿ 21ರಂದು, 49ನೆಯ ಹುಟ್ಟುಹಬ್ಬದ ಮರುದಿನ, ಅವರು ತೀರಿಕೊಂಡರು. ಅವರು ಚಿತ್ರಕಥೆ ಬರೆದಿದ್ದ 'ಆಲ್-ಸ್ಟಾರ್ ಸೂಪರ್‌ಮ್ಯಾನ್' ಅನಿಮೇಷನ್ ಚಿತ್ರ ಬಿಡುಗಡೆಯಾದದ್ದು ಅದರ ಮಾರನೆಯ ದಿನ. ಬರೆದಿಟ್ಟಿದ್ದ ಇನ್ನೊಂದು ಚಿತ್ರ, 'ಜಸ್ಟೀಸ್ ಲೀಗ್: ಡೂಮ್', 2012ರಲ್ಲಿ ಹೊರಬಂದಿತು.