ಮೂರನೆಯ ಕಲಂ, ಒಂಬತ್ತನೆಯ ಕಲಂ

ಮ್ಯಾನೇಜ್‌ಮೆಂಟ್ ಓದಿ ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ಯುಗಾದಿಗೆ ಬಂದಾಗ 'ಗ್ಯಾಪ್ ಅನಾಲಿಸಿಸ್' ಎಂಬುದನ್ನು ನನಗೆ ವಿವರಿಸಿದರು. ಕೆಲಸ ಹೇಗೆ ನಡೆಯಬೇಕು, ವಾಸ್ತವದಲ್ಲಿ ಹೇಗೆ ನಡೆಯುತ್ತಿದೆ, ನಡುವಣ ಅಂತರ ಹುಟ್ಟಿದ್ದೆಲ್ಲಿ ಎಂದು ಹುಡುಕಿ ಸರಿಪಡಿಸುವುದಂತೆ. ನಾನು ನಕ್ಕೆ. ವರ್ಷಕ್ಕೊಮ್ಮೆ ಗ್ರಾಮದ ಲೆಕ್ಕಗಳನ್ನು ತಾಳೆ ನೋಡುವ ಜಮಾಬಂದಿ ಎಂಬ ಪದ್ಧತಿ ನಮ್ಮ ಕಂದಾಯ ಇಲಾಖೆಗೆ ಬಹು ಹಳೆಯದು. ಆದರೂ ಅವರ ಮಾತು ಮನಸ್ಸಿನಲ್ಲಿ ಉಳಿಯಿತು. ಪಹಣಿಯ ಚರಿತ್ರೆಯನ್ನು ಆ ಕಣ್ಣಿನಿಂದ ನೋಡುವ ಆಸೆಯಾಯಿತು.

ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಆರಂಭವಾದದ್ದು 1863ರಲ್ಲಿ. ಜಮೀನನ್ನು ಸರಪಳಿ ಹಿಡಿದು ಅಳೆದರು. ಗ್ರಾಮದ ಲೆಕ್ಕ ವಂಶಪಾರಂಪರ್ಯ ಶಾನುಭೋಗರ ಕೈಯಲ್ಲಿತ್ತು. 1963ರಲ್ಲಿ ಗ್ರಾಮಾಧಿಕಾರಗಳು ರದ್ದಾಗಿ, ಸಂಬಳದ ಗ್ರಾಮಲೆಕ್ಕಿಗರು ಬಂದರು. (ಈಗ ಅವರ ಹೆಸರು ಗ್ರಾಮ ಆಡಳಿತ ಅಧಿಕಾರಿ.) ವ್ಯಕ್ತಿ ಬದಲಾದರೂ ಪುಸ್ತಕವಿದ್ದದ್ದು ಒಬ್ಬರ ಬಳಿಯೇ. ಬೆಳೆಸಾಲಕ್ಕೆ ಪಹಣಿ ಬೇಕೆಂದರೆ ಮೊದಲು ಅವರನ್ನು ಹುಡುಕಬೇಕಿತ್ತು. ಹೋಳೂರು ಸಂತೆಯಲ್ಲೋ ಕೋಲಾರದ ಕಛೇರಿಯಲ್ಲೋ ಎಂದು ರೈತ ಅಲೆಯುತ್ತಿದ್ದುದನ್ನು ನನ್ನ ವಯಸ್ಸಿನವರೆಲ್ಲ ಕಂಡವರೇ.

ಕಂಪ್ಯೂಟರೀಕರಣದ ಮೊದಲ ಯತ್ನ 1991ರಲ್ಲಿ ಗುಲ್ಬರ್ಗಾ ಜಿಲ್ಲೆಯಲ್ಲಿ ನಡೆಯಿತು, ಅದು ಫಲಿಸಲಿಲ್ಲ. ಕಾರಣ ಗಮನಿಸಬೇಕಾದದ್ದು. ಪಹಣಿಯನ್ನೇನೋ ಯಂತ್ರಕ್ಕೆ ತುಂಬಿದರು, ಹಕ್ಕು ಬದಲಾವಣೆ ಮಾತ್ರ ತಾಲ್ಲೂಕಿನಲ್ಲಿ ಕೈಬರಹದಲ್ಲೇ ಮುಂದುವರಿಯಿತು. ಅಂದು ತುಂಬಿದ್ದು ನಾಳೆಗೆ ಹಳತಾಗುತ್ತಿತ್ತು. ಅಂತರವಿದ್ದದ್ದು ಕಾಗದದಲ್ಲಲ್ಲ, ನಡೆಯುವ ಕ್ರಮದಲ್ಲಿ.

ಮುಂದೆ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ರೂಪುಗೊಂಡ 'ಭೂಮಿ' ಯೋಜನೆ ಈ ಕ್ರಮಕ್ಕೇ ಕೈಹಾಕಿತು. ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. 177 ತಾಲ್ಲೂಕುಗಳಲ್ಲಿ ಕೇಂದ್ರಗಳು ತೆರೆದವು. ಶುಲ್ಕ ಆಗ 15 ರೂಪಾಯಿ ಇತ್ತು. ಕೈಬರಹದ ಪಹಣಿಯ ಮಾನ್ಯತೆ ರದ್ದಾಯಿತು. ಮೊದಲು ಬಂದ ಹಕ್ಕು ಬದಲಾವಣೆ ಅರ್ಜಿಗೆ ಮೊದಲ ಸರದಿ, ಸಿಬ್ಬಂದಿ ಬೆರಳಚ್ಚು ಕೊಟ್ಟೇ ಯಂತ್ರ ತೆರೆಯಬೇಕು, ರೈತನಿಗೂ ಕಾಣುವಂತೆ ಇನ್ನೊಂದು ಪರದೆ. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಆ ಎರಡನೆಯ ಪರದೆ. ಶಾನುಭೋಗರ ಪುಸ್ತಕ ರೈತನ ಕಡೆ ಮುಖ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಆದರೆ ಯಂತ್ರವು ಹಳೆಯ ತಪ್ಪನ್ನೂ ಅಚ್ಚುಕಟ್ಟಾಗಿ ಮುದ್ರಿಸುತ್ತದೆ. ಪಹಣಿಯ ಮೂರನೆಯ ಕಲಂನಲ್ಲಿ ಜಮೀನಿನ ಒಟ್ಟು ವಿಸ್ತೀರ್ಣವಿರುತ್ತದೆ. ಒಂಬತ್ತನೆಯದರಲ್ಲಿ ಸ್ವಾಧೀನದಾರರ ಹೆಸರೂ ಪಾಲೂ. ಎರಡೂ ತಾಳೆಯಾಗಬೇಕು. ತಾಳೆಯಾಗದ ಪಹಣಿಗಳು ರಾಜ್ಯದ ತುಂಬ ಇವೆ. ಅದು ಸರಿಯಾಗದೆ ಮಾರಾಟ, ವಿಭಾಗ ಯಾವುದೂ ಸಲೀಸಾಗದು. ನರಸಾಪುರ, ವೇಮಗಲ್ ಕಡೆ ಕೈಗಾರಿಕೆಗಳು ಬಂದು ನೆಲದ ಬೆಲೆ ಏರಿದ ಮೇಲೆ ಒಂದು ಗುಂಟೆಯ ವ್ಯತ್ಯಾಸವೂ ದೊಡ್ಡದಾಗಿದೆ.

ನಮ್ಮ ಮನೆಯ ಪ್ರಸಂಗ ನೆಂಟರಿಗೆ ಗೊತ್ತೇ ಇದೆ. ಮೂರನೆಯ ಕಲಂನಲ್ಲಿ 2 ಎಕರೆ 10 ಗುಂಟೆ, ಅಂದರೆ 90 ಗುಂಟೆ. ಮೂವರು ಅಣ್ಣತಮ್ಮಂದಿರಿಗೆ ತಲಾ 30 ಬರಬೇಕು. ಒಂಬತ್ತರಲ್ಲಿ ಚಿಕ್ಕಪ್ಪನವರ ಹೆಸರಿನ ಮುಂದೆ 32 ಎಂದಿತ್ತು. ಆ ಎರಡು ಗುಂಟೆ ನೆಲದ ಮೇಲೆ ಎಲ್ಲೂ ಇರಲಿಲ್ಲ. ಆದರೂ ಅದಕ್ಕಾಗಿ ನಮ್ಮ ತಂದೆಯವರೂ ಚಿಕ್ಕಪ್ಪನವರೂ ಎರಡು ವರ್ಷ ಮಾತು ಬಿಟ್ಟರು; ಒಂದು ಮದುವೆಯಲ್ಲಿ ಬೇರೆ ಬೇರೆ ಪಂಕ್ತಿಯಲ್ಲಿ ಕುಳಿತು ಉಂಡರು. ಗಣಿತ ಮೇಷ್ಟ್ರಾದ ನಾನು ಮಕ್ಕಳಿಗೆ ಕೂಡುವ ಲೆಕ್ಕ ಹೇಳಿಕೊಡುತ್ತ ಇದನ್ನು ನೋಡುತ್ತಿದ್ದೆ. ಕೊನೆಗೆ ಹಳೆಯ ಹಕ್ಕು ಬದಲಾವಣೆ ವಹಿಯ ನಕಲು ತೆಗೆಸಿದಾಗ ಅಲ್ಲಿ 30 ಎಂದು ಸ್ಪಷ್ಟವಾಗಿತ್ತು. ನಕಲು ಮಾಡುವಾಗ ಯಾರದೋ ಕಣ್ಣು ಜಾರಿತ್ತು, ಅಷ್ಟೇ.

ನಕಲನ್ನು ಮೊದಲು ಓದಿದವರು ಚಿಕ್ಕಪ್ಪನವರೇ. ಕನ್ನಡಕ ತೆಗೆದು, "ಅಣ್ಣಯ್ಯನಿಗೆ ತೋರಿಸಪ್ಪ" ಎಂದರು. ತಿದ್ದುಪಡಿ ಆದೇಶ ಬರುವ ವೇಳೆಗೆ ಇಬ್ಬರೂ ಇರಲಿಲ್ಲ. ಈಗ ಒಂಬತ್ತನೆಯ ಕಲಂನಲ್ಲಿ ಅವರ ಹೆಸರುಗಳ ಮುಂದೆ 30, 30 ಎಂದಿದೆ. ಪೌತಿ ಖಾತೆಗೆ ಅರ್ಜಿ ಹಾಕಲು ಚಿಕ್ಕಪ್ಪನವರ ಮಕ್ಕಳು ದೀಪಾವಳಿಗೆ ಬರುತ್ತೇವೆಂದಿದ್ದಾರೆ.